ಉಸುಕಿನಲ್ಲಿ ಜಾಂಬೋಟಿ ದಾರಿ

ಬೆಳಗಾವಿಯಿಂದ ಕಣಕುಂಬಿಗೆ ಎರಡು ತಾಸಿನ ದಾರಿ. ನಾವು ಹೊರಟು ಎರಡು ತಿಂಗಳಾಗಿತ್ತು, ಇನ್ನೂ ಮುಟ್ಟಿರಲಿಲ್ಲ.

ಹೊರಟದ್ದು ಅಂದರೆ ಅನಗೋಳದಲ್ಲಿ ಮುಸ್ತಕೀಮನ ಮನೆಯ ಪಡಸಾಲೆಯಲ್ಲಿ ಕೂತು ಹೊರಡುವ ಮಾತು ತೆಗೆದದ್ದು. ಮಾರ್ಚ್ ಮೊದಲ ವಾರ. ನಮ್ಮ ಗೆಳೆಯ ಅಯಾಜನ ಹತ್ತಿರ ಒಂದು ಕ್ರೂಸರ್ ಗಾಡಿ ಇದೆ. ಹತ್ತು ತಿಂಗಳು ಅದರಲ್ಲಿ ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡಾಡುತ್ತಾನೆ, ಬೇಸಿಗೆ ಸೂಟಿಯಲ್ಲಿ ಗಾಡಿ ಖಾಲಿ. ಶಾಲೆ ಮುಚ್ಚಿ ಮತ್ತೆ ತೆರೆಯುವುದರೊಳಗೆ ಒಂದು ಭಾನುವಾರ ನಾವು ಮೂವರು ಖಾನಾಪುರ, ಜಾಂಬೋಟಿ, ಕಣಕುಂಬಿ ಹಾಯ್ದು ಚೋರ್ಲಾ ಘಾಟು ಇಳಿದು ಗೋವಾದ ಸಮುದ್ರ ನೋಡಿ ಬರುವುದು. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹೊರಗಿನ ಊರುಗಳ ಕಾರುಗಳು ಹಾಡು ಹಚ್ಚಿಕೊಂಡು, ಕಿಟಕಿಯಿಂದ ಬಾಟಲಿ ಒಗೆಯುತ್ತ, ದಿನಾ ಇದೇ ದಾರಿಯಲ್ಲಿ ಹೋಗುತ್ತವೆ. ಅವುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನನಗೆ ಸಮುದ್ರ ಬೇಕಾಗಿರಲಿಲ್ಲ. ಮುಸ್ತಕೀಮ ಆ ಮನೆಯ ಹೊಸ್ತಿಲು ದಾಟಬೇಕಾಗಿತ್ತು. ದವಾಖಾನೆಯಿಂದ ಬಂದ ಮೇಲೆ ಅವನು ಹೊರಗೆ ಬಂದಿರಲಿಲ್ಲ. ಓಣಿಯ ಚಹದ ಅಂಗಡಿಯವರೆಗೂ ಇಲ್ಲ. ಅವನನ್ನು ಆ ಮಂಚಕ್ಕೆ ತಂದು ಹಾಕಿದವನು ನಾನು, ಮತ್ತು ಅದು ನನ್ನೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ನಾವಿಬ್ಬರೂ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡರ್‌ಗಳು. ಉಸುಕಿನಲ್ಲಿ ಅಚ್ಚು ಕಟ್ಟಿ ಅದರಲ್ಲಿ ಕರಗಿದ ಕಬ್ಬಿಣ ಸುರಿಯುವ ಕೆಲಸ. ಆ ಕಬ್ಬಿಣ ಹೊರುವ ಪಾತ್ರೆಗೆ ಲ್ಯಾಡಲ್ ಅನ್ನುತ್ತಾರೆ. ಅದಕ್ಕೆ ಎರಡೂ ಕಡೆ ಉದ್ದನೆಯ ಹಿಡಿಕೆ, ಮುಂದೆ ಒಬ್ಬ, ಹಿಂದೆ ಒಬ್ಬ. ಮುಂದಿನವನು ಬೆನ್ನು ಹಾಕಿ ನಡೆಯುತ್ತಾನೆ. ಅವನಿಗೆ ಕಬ್ಬಿಣ ಕಾಣುವುದಿಲ್ಲ, ಕಾವು ಮಾತ್ರ ಬೆನ್ನಿಗೆ ಹತ್ತುತ್ತಿರುತ್ತದೆ. ಎಲ್ಲ ಕಾಣುವುದು ಹಿಂದಿನವನಿಗೆ. ಹಾಗಾಗಿ ಮಾತು ಅವನದು. ‘ನಡಿ’ ಅಂದರೆ ನಡೆಯಬೇಕು. ‘ನಿಂದರು’ ಅಂದರೆ ಎತ್ತಿದ ಕಾಲು ಗಾಳಿಯಲ್ಲಿದ್ದರೂ ನಿಲ್ಲಬೇಕು. ಲ್ಯಾಡಲ್ ನೆಲಕ್ಕೆ ಇಳಿಯುವ ತನಕ ಮೂರನೆಯ ಮಾತು ಆಡುವ ಹಾಗಿಲ್ಲ. ನಾಲ್ಕು ವರ್ಷ ನಾನು ಮುಂದೆ, ಮುಸ್ತಕೀಮ ಹಿಂದೆ.

ಜನವರಿಯಲ್ಲಿ ಒಂದು ದಿನ ಸೂಪರ್‌ವೈಸರ್ ಎಲ್ಲರೆದುರು ಒಂದು ಚೀಟಿ ನನ್ನ ಮುಖಕ್ಕೆ ಹಿಡಿದು ಓದು ಅಂದ. ಇಂಗ್ಲಿಷಿನಲ್ಲಿತ್ತು. ನಾನು ಎಂಟನೇ ಇಯತ್ತೆಯಲ್ಲಿ ಮಾಸ್ತರರ ಕೈಯ ಕೋಲು ಕಸಿದು ಮುರಿದು ಹೊರಗೆ ಬಂದವನು. ಯಾರೂ ತಿರುಗಿ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಚೀಟಿ ನನ್ನ ಕೈಯಲ್ಲಿ ಹಾಗೇ ಉಳಿಯಿತು. ಹತ್ತು ಜನ ನಕ್ಕರು. ಮುಂದಿನ ಲ್ಯಾಡಲ್ ಎತ್ತಿದಾಗ ನನ್ನ ಕಿವಿಯಲ್ಲಿ ಆ ನಗುವೇ ತುಂಬಿತ್ತು. ಅರ್ಧ ದಾರಿಗೆ ಹಿಂದಿನಿಂದ ‘ನಿಂದರು’ ಬಂತು. ಕೇಳಿಸಿತು. ಈ ಭೂಮಿಯ ಮೇಲೆ ಇನ್ನು ಯಾವ ಮಗನೂ ನನಗೆ ಹೀಗೆ ಮಾಡು ಅನ್ನಬಾರದು ಅನ್ನುವ ಸಿಟ್ಟಿನಲ್ಲಿ ನಾನು ನಡೆದೆ. ಮತ್ತೆ ‘ನಿಂದರು’ ಅಂದ. ಇನ್ನೂ ಎರಡು ಹೆಜ್ಜೆ. ಲ್ಯಾಡಲ್ ಹೊಯ್ದಾಡಿ ಕಬ್ಬಿಣ ಒದ್ದೆ ನೆಲದ ಮೇಲೆ ತುಳುಕಿ ಸಿಡಿಯಿತು. ಅದು ಅವನ ಬಲಗಾಲಿನ ಬೂಟಿನೊಳಗೆ ಹೋಯಿತು.

ಅಪಘಾತದ ಬಗ್ಗೆ ಆಮೇಲೆ ಬರೆದ ಕಾಗದದಲ್ಲಿ ಕುಲುಮೆಯ ಬ್ಲೋವರಿನ ಸಪ್ಪಳಕ್ಕೆ ಮಾತು ಕೇಳಿಸಲಿಲ್ಲ ಎಂದಿತ್ತು. ಯಾರೋ ಬರೆದರು, ನಾನು ಸಹಿ ಹಾಕಿದೆ. ದವಾಖಾನೆಯಲ್ಲಿ ಮಲಗಿಕೊಂಡೇ ಮುಸ್ತಕೀಮನೂ ಹಾಕಿದ. ಎರಡು ಬೆರಳು ಹೋದವು. ತೊಡೆಯ ಚರ್ಮ ತೆಗೆದು ಪಾದಕ್ಕೆ ಹಚ್ಚಿದರು. ಫೆಬ್ರವರಿ ಕೊನೆಗೆ ಮನೆಗೆ ಬಂದು, ಬಲಗಾಲನ್ನು ಎರಡು ತಲೆದಿಂಬಿನ ಮೇಲೆ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಟ್ರಿಪ್ಪಿನ ಮಾತು ತೆಗೆದಾಗಲೂ ಅವನು ಗೋಡೆಯನ್ನೇ ನೋಡುತ್ತಿದ್ದ. ಅಯಾಜ ಮೊಬೈಲಿನಲ್ಲಿ ನಕ್ಷೆ ತೆಗೆದು ನೀಲಿ ಗೆರೆ ತೋರಿಸಿದ. ಮುಸ್ತಕೀಮ ಕತ್ತು ಹೊರಳಿಸಿ ಒಮ್ಮೆ ನೋಡಿದ.

“ಇದರಾಗ ಏರು ಎಲ್ಲೈತಿ? ನೆರಳು ಎಲ್ಲೈತಿ?” ಎಂದು ಕೇಳಿ ಮತ್ತೆ ಗೋಡೆಯ ಕಡೆ ಹೊರಳಿದ.

ಇಷ್ಟು ದಿನದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ಮರುದಿನ ಫೌಂಡ್ರಿಯಿಂದ ಬರುವಾಗ ಬೈಕಿನ ಮೇಲೆ ಅರ್ಧ ಚೀಲ ಅಚ್ಚಿನ ಉಸುಕು ಹೇರಿಕೊಂಡು ಬಂದೆ. ಅವನ ಅಕ್ಕ ಬಿಲ್ಕೀಸ ಏನು ಎತ್ತ ಎಂದು ಕೇಳದೆ ಹಿತ್ತಲಿನಿಂದ ಹಳೆಯ ಕಪಾಟಿನ ಬಾಗಿಲೊಂದನ್ನು ತಂದು ಕೊಟ್ಟಳು. ಅದನ್ನು ಮಂಚದ ಬಾಜುವಿಗೆ ಎರಡು ಡಬ್ಬಿಗಳ ಮೇಲೆ ಹಾಸಿ, ಉಸುಕು ಹರವಿ, ನೀರು ಚಿಮುಕಿಸಿ, ದಾರಿ ಮಾಡಲು ಕೂತೆ. ಬೇಕಂತಲೇ ಅಲ್ಲ, ನನ್ನ ಕೈಯೇ ಒರಟು: ಘಾಟು ಮಾಡಲು ಹೋಗಿ ಎಮ್ಮೆಯ ಬೆನ್ನು ಮಾಡಿದೆ. ಮುಸ್ತಕೀಮನಿಗೆ ನೋಡಲಾಗಲಿಲ್ಲ. ಇಡೀ ಫೌಂಡ್ರಿಯಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ. ಮೊಣಕೈ ಊರಿ ಎದ್ದ, ನನ್ನ ಕೈಯಿಂದ ಕರಣೆ ಕಸಿದುಕೊಂಡ.

“ಸರಿ ಅತ್ಲಾಗ. ಗುಡ್ಡಾ ಅಂದ್ರ ಹಿಂಗಿರತೈತೇನು?”

ಅಂದಿನಿಂದ ಸಂಜೆಗಳು ಶುರುವಾದವು. ಪಡಸಾಲೆಗೆ ಪಡುವಣದ ಒಂದೇ ಕಿಟಕಿ. ಬಿಸಿಲು ಅದರೊಳಗಿಂದ ಅಡ್ಡ ಬಂದು ಉಸುಕಿನ ಮೇಲೆ ಬೀಳುವಾಗ ಬೊಟ್ಟು ಎತ್ತರದ ದಿಬ್ಬಕ್ಕೂ ಮೊಳದುದ್ದ ನೆರಳು. ಮಲಪ್ರಭೆಯನ್ನು ಅವನು ಕಿರುಬೆರಳಿನಿಂದ ಎಳೆದ. ನೀರು ಚಿಮುಕಿಸಿದಾಗ ಆ ಗೆರೆಯಲ್ಲಿ ಕ್ಷಣಹೊತ್ತು ಖರೇ ನೀರು ನಿಂತು ಹೊಳೆದು ಇಂಗಿತು. ಜಾಂಬೋಟಿಯ ಆಚೆ ಅಡವಿಗೆ ಬಿಲ್ಕೀಸ ಅಕ್ಕ ಕೊತ್ತಂಬರಿ ಕಡ್ಡಿ ತಂದು ನೆಟ್ಟಳು. ಮರುದಿನ ಅಡವಿ ಬಾಡಿರುತ್ತಿತ್ತು, ಆಕೆ ಹೊಸದು ನೆಡುತ್ತಿದ್ದಳು. ಮಗರಿಬ್‌ನ ಬಾಂಗು ಕೇಳಿದಾಗ ಅಯಾಜ ಎದ್ದು ನಮಾಜಿಗೆ ಹೋಗಿ ಬರುವ ತನಕ ನಾವಿಬ್ಬರೂ ದಾರಿಯಲ್ಲಿ ಎಲ್ಲಿದ್ದೆವೋ ಅಲ್ಲೇ ಕಾಯುತ್ತಿದ್ದೆವು. ಸುಮ್ಮನೆ ಪಡಸಾಲೆಯಲ್ಲಿ ಕಾದ ಹಾಗೆ ಇರುತ್ತಿರಲಿಲ್ಲ ಅದು. ಗಾಡಿ ಬಂದ್ ಮಾಡಿ, ಬಾಗಿಲು ತೆಗೆದಿಟ್ಟು, ಯಾವುದೋ ಮರದ ಬುಡದಲ್ಲಿ ಎಂಜಿನ್ ತಣ್ಣಗಾಗುವ ಟಿಕ್ ಟಿಕ್ ಕೇಳುತ್ತ ಕೂತ ಹಾಗೆ ಇರುತ್ತಿತ್ತು.

ಮುಸ್ತಕೀಮನಿಗೆ ಆ ದಾರಿ ಗೊತ್ತಿತ್ತು. ಪಾರಿಶ್ವಾಡದ ಅವನ ಮಾಮಾ ಬುರಾನುದ್ದೀನ ಸೈಕಲ್ಲಿನ ಮೇಲೆ ಅಲ್ಯೂಮಿನಿಯಂ ಪಾತ್ರೆ ಮಾರುತ್ತಿದ್ದವರು. ಬೆಳಗಾವಿಯಲ್ಲಿ ಮಾಲು ಕಟ್ಟಿಕೊಂಡು ಖಾನಾಪುರ, ಜಾಂಬೋಟಿ, ಕಣಕುಂಬಿಯವರೆಗೆ ಹೋಗುತ್ತಿದ್ದರು. ಸೂಟಿಯಲ್ಲಿ ಸೋದರಳಿಯನನ್ನು ಮುಂದಿನ ದಂಡಿಯ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ. ಪಿರನವಾಡಿಯಿಂದ ಕಿಣಯೆ ಮೇಲೆ ಹೋದರೆ ಜಾಂಬೋಟಿ ಹತ್ತಿರ. ಖಾನಾಪುರಕ್ಕೆ ಹೋಗುವುದು ಸುತ್ತು. ಅಯಾಜ ಇದನ್ನು ಹತ್ತು ಸಲ ಹೇಳಿದ. ಮುಸ್ತಕೀಮ ಕೇಳಲಿಲ್ಲ. ಮಾಮಾನ ದಾರಿಯೇ ಆಗಬೇಕು, ಆ ದಾರಿಯಲ್ಲಿ ನಿಲ್ಲತಕ್ಕ ಜಾಗಗಳಿವೆ ಎಂದ.

ಒಂದೊಂದು ಜಾಗಕ್ಕೆ ಗುರುತಿಗೆ ಒಂದೊಂದು ಕಬ್ಬಿಣದ ವಾಶರ್ ಇಡುತ್ತ ಹೋದ. ದೇಸೂರಿನ ಬಳಿ ರೈಲು ಹಳಿಯ ಬಾಜುವಿಗೆ ಒಂದು ಕಲ್ಲಿನ ಮೋರಿ. ಅದರ ಕಟ್ಟೆಯ ಮೇಲೆ ಅಂಗೈ ಊರಿದರೆ ಲೋಂಡಾ ಕಡೆಯ ರೈಲು ಕಾಣುವುದಕ್ಕೆ ಮೊದಲೇ ಕಲ್ಲಿನೊಳಗೆ ಬಂದಿರುತ್ತದೆ. ಕೈಯಲ್ಲಿ ರೈಲು, ಕಣ್ಣಿಗೆ ಖಾಲಿ ಹಳಿ. ಖಾನಾಪುರದಲ್ಲಿ ಹೊಳೆಗೆ ಇಳಿಯುವ ಕಲ್ಲಿನ ಪಾವಟಿಗೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮಡುಗಳು ಮಾತ್ರ ಉಳಿದಿರುತ್ತವೆ, ಒಂದೊಂದು ಮಡುವಿನ ನೀರಿಗೆ ಒಂದೊಂದು ಬಣ್ಣ. ಅಲ್ಲಿಂದ ಮುಂದೆ ಒಂದು ಹಲಸಿನ ಮರ. ಅದರ ಬುಡದಲ್ಲಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುವ ಮಾಯಕ್ಕ ಎನ್ನುವ ಮುದುಕಿ. ಹಣ್ಣು ಕೊಡುವ ಮೊದಲು ಗಿರಾಕಿಯ ಮುಖ ನೋಡಿ ಹುಳಿಯದು ಬೇಕೋ ಸಿಹಿಯದೋ ತಾನೇ ನಿರ್ಧಾರ ಮಾಡುತ್ತಾಳೆ. ಜಾಂಬೋಟಿಯ ಈಚೆ ತುದಿಯಲ್ಲಿ ಒಂದು ಬಿದ್ದ ಗೋಡೆ, ಮಧ್ಯಾಹ್ನದ ಗಾಳಿ ಅದಕ್ಕೆ ಬಡಿದು ಮಳೆಯ ಹಾಗೆ ಸಪ್ಪಳ ಮಾಡುತ್ತದೆ. ಮುಂದೆ ಅಡವಿಯಲ್ಲಿ ಹೆಸರಿಲ್ಲದ ಒಂದು ತಿರುವು, ಬೇಸಿಗೆಯಲ್ಲೂ ಅಲ್ಲಿ ಕಲ್ಲುಗಳು ತಣ್ಣಗಿರುತ್ತವೆ. ಆಮೇಲೆ ಕಣಕುಂಬಿ.

ನಾನು ಈ ಜಾಗಗಳನ್ನು ಹೊತ್ತುಕೊಂಡೇ ಫೌಂಡ್ರಿಗೆ ಹೋಗುತ್ತಿದ್ದೆ. ಅಚ್ಚು ಬಡಿಯುತ್ತಿದ್ದರೂ ಬೆರಳಿನ ತುದಿಯಲ್ಲಿ ದೇಸೂರಿನ ರೈಲು ಬರುತ್ತಿತ್ತು. ಸೂಪರ್‌ವೈಸರ್ ಬಯ್ಯುವಾಗ ಅವನ ಬಾಯಿ ಮಾತ್ರ ಕಾಣುತ್ತಿತ್ತು, ನಾನು ಹಲಸಿನ ನೆರಳಲ್ಲಿ ಇರುತ್ತಿದ್ದೆ. ಇಪ್ಪತ್ನಾಲ್ಕು ವರ್ಷದಲ್ಲಿ ಯಾರ ಮೇಲೂ ಸಿಟ್ಟಿಲ್ಲದೆ ಅಷ್ಟು ದಿನ ಇದ್ದದ್ದು ಅದೇ ಮೊದಲು.

ಆದರೆ ಹೊರಡುವ ದಿನ ಬರಲಿಲ್ಲ. ಏಪ್ರಿಲ್ ಎರಡನೆಯ ಭಾನುವಾರ ಎಂದದ್ದು ಕೊನೆಯ ಭಾನುವಾರವಾಯಿತು. ಹಲಸಿನ ಮರದ ವಾಶರ್ ಅರ್ಧ ಗೇಣು ಹಿಂದೆ ಸರಿಯಿತು, ಮತ್ತೆ ಮುಂದೆ ಹೋಯಿತು. ಅಡವಿಯಲ್ಲಿ ಒಂದಿದ್ದ ತಿರುವು ಎರಡಾದವು. ಆ ರಸ್ತೆಯಲ್ಲಿ ನಿನ್ನ ಗಾಡಿ ಎಷ್ಟು ವೇಗ ಹೋಗುತ್ತದೆ, ಈ ಏರಿನಲ್ಲಿ ಎಷ್ಟನೇ ಗೇರು ಎಂದು ಮುಸ್ತಕೀಮ ಅಯಾಜನನ್ನು ಕೇಳುವುದು, ಅಯಾಜ ತನ್ನ ಗಾಡಿಯ ಬಡಾಯಿ ಕೊಚ್ಚಿಕೊಳ್ಳುವುದು, ಮುಸ್ತಕೀಮ ಮತ್ತೆ ವಾಶರ್ ಸರಿಸುವುದು. ಒಂದೊಂದು ಕಡೆ ಅರ್ಧ ತಾಸು ಕೂರಬೇಕಂತೆ. ಹೀಗೆ ನಿಲ್ಲುತ್ತ ಹೋದರೆ ಸಮುದ್ರ ಆ ದಿನ ಸಿಗುವ ಮಾತೇ ಇರಲಿಲ್ಲ.

“ಲೇ, ಇದು ಟ್ರಿಪ್ಪೋ, ಸಿಟಿ ಬಸ್ಸೋ?” ಎಂದ ಅಯಾಜ ಒಂದು ಸಂಜೆ. “ಕಂಬಕ್ಕೊಂದು ಸ್ಟಾಪ್ ಹಾಕಾಕತ್ತೀದಿ. ನಾವು ಕಣಕುಂಬಿ ಮುಟ್ಟೂದರಾಗ ನನ್ನ ಸಾಲಿ ಹುಡುಗೂರಿಗೆ ಗಡ್ಡಾ ಬಂದಿರತಾವು.”

ಮುಸ್ತಕೀಮ ನಕ್ಕ. ನಕ್ಕು, ಇನ್ನೊಂದು ವಾಶರ್ ಕೇಳಿದ.

ನನಗೆ ನಗು ಬರಲಿಲ್ಲ. ಮೇ ಅರ್ಧ ಕಳೆದಿತ್ತು. ಇವನು ಬರುವುದೇ ಇಲ್ಲ ಎಂದು ನನಗೆ ಅಂದು ಹೊಳೆಯಿತು. ಉಸುಕಿನ ಮೇಲೆ ಇಷ್ಟು ಚೆಂದ ಹೋಗಿ ಬರುತ್ತಿರುವವನಿಗೆ ಹೊಸ್ತಿಲು ದಾಟುವ ಗರಜು ಏನಿದೆ? ನಾನೇ ಚೀಲದಲ್ಲಿ ತಂದು ಕೊಟ್ಟ ಉಸುಕು ಅವನನ್ನು ಮಂಚಕ್ಕೆ ಇನ್ನಷ್ಟು ಗಟ್ಟಿಯಾಗಿ ಕಟ್ಟಿಹಾಕಿತ್ತು. ಆ ಬಾಗಿಲನ್ನು ಒದ್ದು ಇಡೀ ಘಾಟನ್ನು ನೆಲಕ್ಕೆ ಚೆಲ್ಲಬೇಕು ಎನಿಸಿತು. ಕಾಲು ಎತ್ತಿಯೂ ಬಿಟ್ಟಿದ್ದೆ. ಬಿಲ್ಕೀಸ ಅಕ್ಕ ಕೊತ್ತಂಬರಿ ಕಡ್ಡಿ ಹಿಡಿದುಕೊಂಡು ಬಂದಳು, ಇಳಿಸಿದೆ.

ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಬೈಕ್ ಹತ್ತಿ ಒಬ್ಬನೇ ಹೊರಟೆ. ಮೊಬೈಲಿನಲ್ಲಿ ಉಸುಕಿನ ದಾರಿಯ ಫೋಟೋ ಇತ್ತು. ಒಂದೊಂದೇ ಜಾಗ ನೋಡಿ ಬಂದು, ಹೋಗಿ ಬಂದೆ, ಏನೂ ಕಷ್ಟವಿಲ್ಲ, ಏಳು ಎಂದು ಅವನ ಮುಖಕ್ಕೆ ಹೇಳುವುದಿತ್ತು.

ದೇಸೂರಿನಲ್ಲಿ ಮೋರಿ ಇರಲಿಲ್ಲ. ರಸ್ತೆ ಅಗಲ ಮಾಡಿದಾಗ ಹೋಗಿತ್ತು. ಅಂಗೈ ಊರಲು ಕಲ್ಲೇ ಇಲ್ಲ, ಕಬ್ಬಿಣದ ಕಟಾಂಜನ ಮಾತ್ರ. ಲಾರಿಗಳು ನನ್ನ ಅಂಗಿ ಹಾರಿಸುತ್ತ ಹೋದವು. ಖಾನಾಪುರದ ಹೊಳೆಯಲ್ಲಿ ಮಡುಗಳಿದ್ದವು, ಎಲ್ಲದಕ್ಕೂ ಒಂದೇ ಬಣ್ಣ, ಪಾಚಿಯದು. ಹಲಸಿನ ಮರ ಸಿಕ್ಕಿತು. ಅದರ ಬುಡದಲ್ಲಿ ಯಾವ ಮುದುಕಿಯೂ ಇರಲಿಲ್ಲ. ಅಲ್ಲೇ ದನ ಕಾಯುತ್ತಿದ್ದವನನ್ನು ನಿಲ್ಲಿಸಿ ಕೇಳಿದೆ. ಇಲ್ಲಿ ಹಣ್ಣು ಮಾರುವವರು ಯಾವತ್ತೂ ಕೂತಿಲ್ಲ, ಇಲ್ಲಿ ಯಾರು ಗಾಡಿ ನಿಲ್ಲಿಸುತ್ತಾರೆ ಎಂದು ಮರಾಠಿಯಲ್ಲಿ ಹೇಳಿದ. ಅಂದರೆ ಎಲ್ಲ ಸುಳ್ಳು. ಎರಡು ತಿಂಗಳು ನನಗೆ ಬಾಯಲ್ಲಿ ನೀರೂರಿಸಿದ ಕವಳಿ ಹಣ್ಣು, ಹುಳಿಯೋ ಸಿಹಿಯೋ ನೋಡಿ ಕೊಡುವ ಆ ಮಾಯಕ್ಕ, ಎಲ್ಲ ಆ ಮಂಚದ ಮೇಲೆ ಹುಟ್ಟಿದ್ದು.

ಸಿಟ್ಟಿನಲ್ಲಿ ಒಂದು ಕಲ್ಲು ಎತ್ತಿ ಮರಕ್ಕೆ ಬೀಸಿದೆ. ಆಮೇಲೆ ಸುಸ್ತಾಗಿ ಅಲ್ಲೇ ಕೂತೆ. ಕೂರಲು ಒಂದು ಚಪ್ಪಡಿ ಇತ್ತು. ಎದುರಿಗೆ ಇನ್ನೊಂದು ಕಲ್ಲು, ಅದಕ್ಕಿಂತ ತುಸು ಎತ್ತರ. ಅಪ್ಪಿತಪ್ಪಿ ಬಲಗಾಲು ಅದರ ಮೇಲೆ ಇಟ್ಟೆ. ಮೈಗೆ ಹಿತವಾಯಿತು. ಮರ ಮೆಲ್ಲಗೆ ಎಲೆ ಆಡಿಸುತ್ತಿತ್ತು. ರಸ್ತೆಯಲ್ಲಿ ಒಂದೇ ಒಂದು ಗಾಡಿ ಇಲ್ಲ. ಕಣ್ಣು ಮುಚ್ಚಿಯೇ ಹೋಗುತ್ತಿತ್ತೇನೋ, ಅಷ್ಟರಲ್ಲಿ ಇಟ್ಟ ಕಾಲಿನ ಕಡೆ ನೋಡಿದೆ. ಮಂಚದ ಮೇಲಿನ ಎರಡು ತಲೆದಿಂಬು ನೆನಪಾದವು.

ಎದ್ದು ಜಾಂಬೋಟಿಗೆ ಓಡಿಸಿದೆ. ಬಿದ್ದ ಗೋಡೆ ಇತ್ತು, ಅದರ ಮುಂದೆ ಕೂರುವಷ್ಟು ಕಲ್ಲು. ಅಡವಿಯ ತಿರುವಿನಲ್ಲೂ ಹಾಗೇ: ಒಂದು ಕೂರಲು, ಒಂದು ಎದುರಿಗೆ. ಬುರಾನುದ್ದೀನ ಮಾಮಾ ಹೇರಿದ ಸೈಕಲ್ಲನ್ನು ಆನಿಸಲು ಎತ್ತರದ ಒಂದು ಆಸರೆ, ತಾವು ಕೂರಲು ಒಂದು ಕಲ್ಲು, ನೆರಳು, ಇಷ್ಟು ಇದ್ದಲ್ಲೇ ನಿಂತಿರಬೇಕು. ಮಳೆಯ ಸಪ್ಪಳ, ತಣ್ಣನೆಯ ಕಲ್ಲು ಎಲ್ಲ ಮೇಲಿನ ಬಣ್ಣ.

ಅಲ್ಲಿಂದಲೇ ಅಯಾಜನಿಗೆ ಫೋನ್ ಹಚ್ಚಿದೆ. ಮನೆಯಿಂದ ದೇಸೂರಿಗೆ ನಿನ್ನ ಗಾಡಿಯಲ್ಲಿ ಎಷ್ಟು ಹೊತ್ತು ಎಂದು ಕೇಳಿದೆ. ಇಪ್ಪತ್ತು ಮಿನಿಟು ಎಂದ. ಅಲ್ಲಿಂದ ಖಾನಾಪುರದ ಹೊಳೆಗೆ? ರಸ್ತೆ ಚಲೋ ಇದೆ, ದೂರವಾದರೂ ಇಪ್ಪತ್ತು ಮಿನಿಟು. ಹೊಳೆಯಿಂದ ಹಲಸಿನ ಮರಕ್ಕೆ? ಅದು ಹತ್ತಿರ, ಆದರೆ ತಗ್ಗುದಿನ್ನೆಯ ದಾರಿ, ಇಪ್ಪತ್ತೇ ಅನ್ನು. ಮರದಿಂದ ಜಾಂಬೋಟಿಯ ಗೋಡೆಗೆ ಎಂದು ಕೇಳುವ ಹೊತ್ತಿಗೆ ಅಯಾಜನಿಗೂ ಏನೋ ಹೊಳೆದಿತ್ತು.

“ಇಪ್ಪತ್ತು,” ಎಂದ. “ಸೋಮ್ಯಾ, ಎಲ್ಲಿ ಅದೀ ನೀ?”

ನಾನು ಹೇಳಲಿಲ್ಲ. ಬೈಕ್ ತಿರುಗಿಸಿದೆ. ಕಣಕುಂಬಿ ನೋಡಲು ಮನಸ್ಸಾಗಲಿಲ್ಲ. ಬರುವಾಗ ದೇಸೂರಿನಲ್ಲಿ ಬಿಸಿಲಲ್ಲಿ ಒಂದು ತಾಸು ಅಡ್ಡಾಡಿದೆ. ಮೋರಿಯ ಬದಲು ಏನಾದರೂ ಬೇಕಾಗಿತ್ತು.

ಮುಸ್ತಕೀಮನ ಮನೆಗೆ ಹೋದಾಗ ಮಧ್ಯಾಹ್ನ ಮೂರು. ಮುಸ್ತಕೀಮ ಎಚ್ಚರವಿದ್ದ. ಬಿಲ್ಕೀಸ ಅಕ್ಕ ನನ್ನ ಧೂಳು ಹಿಡಿದ ಮುಖ ನೋಡಿ ತಂಬಿಗೆಯಲ್ಲಿ ನೀರು ಕೊಟ್ಟು ಒಳಗೆ ಹೋದಳು. ನಾನು ಉಸುಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೇಸೂರಿನ ವಾಶರ್ ಎತ್ತಿದೆ.

“ಮೋರಿ ಇಲ್ಲ ಈಗ. ರಸ್ತಾ ಮಾಡೂ ಮುಂದ ಒಡದಾರ,” ಎಂದೆ. “ಒಂದು ಕಿಲೋಮೀಟರ್ ಈಚೀಗೆ ಬಂದ್ ಬಿದ್ದ ಪಂಕ್ಚರ್ ಅಂಗಡಿ ಐತಿ. ಮುಂದ ಕಟ್ಟಿ, ಎದರಿಗೆ ಒಂದು ಕಲ್ಲು. ಬೇವಿನ ನೆರಳು. ಅಲ್ಲಿ ಇಡ್ಲೇನು?”

ಅವನು ಅಕ್ಕ ಹೋದ ಒಳಬಾಗಿಲ ಕಡೆ ನೋಡಿದ.

“ಆಪಾ ಹೇಳಿದ್ಲೇನು?”

“ಇಲ್ಲ. ಅಯಾಜನ್ನ ಕೇಳಿ ಎಣಿಸಿದೆ. ಇಪ್ಪತ್ತು ಮಿನಿಟು.”

ಕಾಲನ್ನು ತಲೆದಿಂಬಿನ ಮೇಲೆ ತುಸು ಹೊರಳಿಸಿದ. ಜೋತುಬಿಟ್ಟರೆ ಮೊದಲು ಭಾರವಾಗುತ್ತದೆ, ಆಮೇಲೆ ಬಾಯುತ್ತದೆ, ಇಪ್ಪತ್ತು ಮಿನಿಟಿಗೆ ಮತ್ತೆ ಬೂಟಿನೊಳಗೆ ಕಬ್ಬಿಣ ಇಳಿದ ಹಾಗಾಗುತ್ತದೆ ಎಂದು ಮೆಲ್ಲಗೆ, ಬೇರೆ ಯಾರದೋ ಕಾಲಿನ ಸುದ್ದಿ ಹೇಳುವವನ ಹಾಗೆ ಹೇಳಿದ. ಅದಕ್ಕೇ ಒಂದೊಂದು ಜಾಗಕ್ಕೂ ಏನಾದರೊಂದು ಹಚ್ಚಿದ್ದ, ನಾವೇ ಆಸೆಪಟ್ಟು ಇಳಿಯಲಿ ಎಂದು. ಹಚ್ಚಿದ್ದನ್ನು ತಾನೇ ನಂಬಲಾಗದೆ ಹೊರಡುವ ದಿನ ಮುಂದೂಡುತ್ತಿದ್ದ.

“ಗಾಡ್ಯಾಗ ಕುಂತು ನಿಂದರ್ರಿ, ನಿಂದರ್ರಿ ಅಂತ ನಿಮ್ಮನ್ನ ಬೇಡಕೊಂತ ಹೋಗಲೇನು ನಾ?” ಎಂದ.

ಆ ಮಾತು ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ತಡೆಯಲೂಬಾರದಾಗಿತ್ತು.

“ಅವತ್ತು ನೀ ನಿಂದರು ಅಂದದ್ದು ನನಗ ಕೇಳಿತ್ತು, ಮುಸ್ತು.”

ಕಿಟಕಿಯ ಬಿಸಿಲು ಇನ್ನೂ ಉಸುಕಿನ ತನಕ ಬಂದಿರಲಿಲ್ಲ. ದಾರಿ ಬೂದು ಬಣ್ಣದಲ್ಲಿ ಸಪಾಟಾಗಿ ಬಿದ್ದಿತ್ತು.

“ಎಷ್ಟು ಸಲ ಕೇಳಿತು?”

“ಎರಡು ಸಲ.”

“ಮೂರು ಸಲ ಅಂದಿದ್ದೆ,” ಎಂದ ಅವನು. “ಮೂರನೇದು ನಿನಗ ಕೇಳಿಸಿರಲಿಕ್ಕಿಲ್ಲ. ಅದು ಕಬ್ಬಿಣ ಬಿದ್ದ ಮ್ಯಾಲೆ ಅಂದದ್ದು.”

ನನ್ನ ಕೈಯಲ್ಲಿ ವಾಶರ್ ಹಾಗೇ ಇತ್ತು. ಬಯ್ಯಲಿ, ಬಾಜುವಿನ ತಂಬಿಗೆ ತೆಗೆದು ನನ್ನ ತಲೆಗೆ ಒಗೆಯಲಿ ಎಂದು ಕಾದೆ. ಅವನು ಗೋಡೆಯ ಕಡೆಗೂ ಹೊರಳಲಿಲ್ಲ. ನನ್ನನ್ನೇ ನೋಡುತ್ತಿದ್ದ. ಕಾಗದಕ್ಕೆ ಸಹಿ ಹಾಕುವಾಗಲೂ ಅವನಿಗೆ ಗೊತ್ತಿತ್ತು ಎಂದು ಆ ಕಣ್ಣು ನೋಡಿ ತಿಳಿಯಿತು. ಬ್ಲೋವರಿನ ಸಪ್ಪಳ ಎಷ್ಟಿರುತ್ತದೆ ಎನ್ನುವುದು ನಾಲ್ಕು ವರ್ಷ ನನ್ನ ಬೆನ್ನಿಗೆ ಮಾತು ಹೇಳಿದವನಿಗಿಂತ ಇನ್ಯಾರಿಗೆ ಗೊತ್ತು?

“ಮನೀಗೆ ಹೋಗು, ಸೋಮಲಿಂಗ,” ಎಂದ. ಪೂರ್ತಿ ಹೆಸರು ಹಿಡಿದು ಅವನು ನನ್ನನ್ನು ಯಾವತ್ತೂ ಕರೆದಿರಲಿಲ್ಲ.

ಹೋದೆ. ಸೋಮವಾರ, ಮಂಗಳವಾರ, ಬುಧವಾರ ಆ ಓಣಿಯ ಕಡೆ ಕಾಲಿಡಲಿಲ್ಲ. ಫೌಂಡ್ರಿಯಲ್ಲಿ ಸೂಪರ್‌ವೈಸರ್ ಏನೋ ಅಂದ, ನಾನು ತಿರುಗಿ ಒಂದು ಮಾತೂ ಅನ್ನಲಿಲ್ಲ. ಅವನಿಗೇ ಹೆದರಿಕೆಯಾಯಿತೋ ಏನೋ, ಮೈ ಹುಷಾರಿಲ್ಲೇನು ಎಂದು ಕೇಳಿದ. ಸಂಜೆ ಮನೆಯ ಮಾಳಿಗೆಯ ಮೇಲೆ ಕೂತು ಕಣ್ಣು ಮುಚ್ಚಿ ದಾರಿ ಹಿಡಿಯಲು ನೋಡುತ್ತಿದ್ದೆ. ಪಿರನವಾಡಿ ದಾಟುವ ಮೊದಲೇ ದಾರಿ ಕಡಿದು ಹೋಗುತ್ತಿತ್ತು.

ಗುರುವಾರ ಪಾಳಿ ಬಿಡುವ ಹೊತ್ತಿಗೆ ಅಯಾಜ ಗೇಟಿನ ಮುಂದೆ ಕ್ರೂಸರ್ ನಿಲ್ಲಿಸಿಕೊಂಡು ನಿಂತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು. ಇಳಿದು ಬಂದು ನನ್ನ ಮುಂದೆ ನಿಂತು, ಹೊಡೆಯುವುದೋ ಬಿಡುವುದೋ ಎನ್ನುವ ಹಾಗೆ ಕೈ ಮುಷ್ಟಿ ಮಾಡಿ ಬಿಚ್ಚಿದ. ಆಮೇಲೆ ಹೇಳಿದ: ಈ ಭಾನುವಾರ, ಬೆಳಗ್ಗೆ ಆರಕ್ಕೆ. ಕಣಕುಂಬಿಯವರೆಗೆ. ಬಿಲ್ಕೀಸ ಅಕ್ಕನೂ ಬರುತ್ತಾಳೆ. ಸಮುದ್ರದ ಮಾತು ಕಣಕುಂಬಿಯಲ್ಲಿ ಕೂತು ನೋಡುವುದು.

“ಮತ್ತ ನಾ?” ಎಂದು ಕೇಳಿದೆ.

“ಗಾಡ್ಯಾಗ ನೀ ಬ್ಯಾಡ ಅಂದಾನ. ಬೈಕ್ ತಗೊಂಡು ಮುಂದ ಹೋಗಬೇಕಂತ. ಒಂದೊಂದು ಜಾಗಾಕ್ಕೂ ನಮಗಿಂತ ಮದ್ಲ ಮುಟ್ಟಿ, ಕಲ್ಲು ಝಾಡಿಸಿ, ಹಾಸಿ, ನಾವು ಬರೂತನಕಾ ಅಲ್ಲೇ ನಿಂತಿರಬೇಕಂತ.”

ಸಿಟ್ಟು ಇಳಿದಿದೆಯೇನು ಅವನಿಗೆ ಎಂದು ಕೇಳಬೇಕೆಂದಿದ್ದೆ. ಕೇಳಿದೆ.

“ಅದು ನನಗೇನ್ ಗೊತ್ತು? ಹೇಳು ಅಂದದ್ದು ಹೇಳೇನಿ,” ಎಂದು ಅಯಾಜ ಗಾಡಿ ಹತ್ತಿದ.

ಭಾನುವಾರ ಐದೂವರೆಗೇ ನಾನು ಪಂಕ್ಚರ್ ಅಂಗಡಿಯ ಮುಂದೆ ಇದ್ದೆ. ಕಟ್ಟೆಯನ್ನು ಬೇವಿನ ಟೊಂಗೆಯಿಂದ ಗುಡಿಸಿ, ಮನೆಯಿಂದ ತಂದ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಎದುರಿನ ಕಲ್ಲಿನ ಮೇಲೆ ತಲೆದಿಂಬು ಇಟ್ಟೆ. ಹೊತ್ತು ಇನ್ನೂ ಏರಿರಲಿಲ್ಲ. ಬಯಲ ತುಂಬ ಹಾಲಿನಂಥ ಮಸುಕು, ಅದರೊಳಗೆ ಗುಡ್ಡ ಇದ್ದಾವೋ ಇಲ್ಲವೋ ಎನ್ನುವ ಹಾಗೆ ಇದ್ದವು, ಯಾರೋ ನೀರು ಚಿಮುಕಿಸಿ ಈಗಷ್ಟೇ ಎಬ್ಬಿಸಿ ನಿಲ್ಲಿಸಿದ ಹಾಗೆ. ಎರಡು ಆಡುಗಳು ಚಾದರ ಹತ್ತಲು ಬಂದವು, ಓಡಿಸಿದೆ. ಮತ್ತೆ ಬಂದವು, ಮತ್ತೆ ಓಡಿಸಿದೆ. ಸಿಟ್ಟು ಬರಲಿಲ್ಲ. ಕೂರಲಿಲ್ಲ. ನಿಂತೇ ಇದ್ದೆ.

ಆರೂ ಇಪ್ಪತ್ತಾಯಿತು. ಗಾಡಿ ಇಲ್ಲ. ಹೊಸ್ತಿಲಲ್ಲಿ ಮನಸ್ಸು ಬದಲಿಸಿರಬೇಕು ಎಂದುಕೊಂಡೆ. ಆರೂ ಇಪ್ಪತ್ತೈದಕ್ಕೆ ಮಸುಕಿನೊಳಗಿಂದ ಕ್ರೂಸರಿನ ದೀಪ ಎರಡು, ಆಮೇಲೆ ಅಯಾಜ, ಆಮೇಲೆ ಬಾಜುವಿನ ಸೀಟಿನಲ್ಲಿ ಬಿಳಿ ಅಂಗಿಯ ಮುಸ್ತಕೀಮ ಒಂದೊಂದಾಗಿ ಕಂಡರು. ಬಿಲ್ಕೀಸ ಅಕ್ಕ ಹಿಂದಿನಿಂದ ಇಳಿದು ಅವನಿಗೆ ಕೋಲು ಕೊಟ್ಟಳು. ನಾನು ಕೈ ಕೊಡಲು ಹೋದೆ. ಅವನು ನನ್ನ ಕೈಯನ್ನು ನೋಡದೆ, ಕೋಲು ಊರಿಕೊಂಡು, ಮುಖ ಬಿಗಿಹಿಡಿದು, ರಸ್ತೆಯ ಅಂಚಿನ ಜಲ್ಲಿಯ ಮೇಲೆ ಹೆಜ್ಜೆ ಎಣಿಸುತ್ತ ಬಂದು ಕಟ್ಟೆಯ ಮೇಲೆ ಕೂತ. ಎರಡೂ ಕೈಯಿಂದ ಬಲಗಾಲು ಎತ್ತಿ ಕಲ್ಲಿನ ಮೇಲೆ ಇಟ್ಟ. ಬೆವರಿದ್ದ. ಪಾದ ಕೆಂಪಗೆ ಹೊಳೆಯುತ್ತಿತ್ತು. ಉಸಿರು ಒಂದು ಹದಕ್ಕೆ ಬರುವ ತನಕ ನಾವು ಮೂವರೂ ಅತ್ತ ನೋಡದೆ ಆಡುಗಳನ್ನು ನೋಡಿದೆವು.

ಆಮೇಲೆ ಅವನು ತಲೆ ಎತ್ತಿ ಬಯಲನ್ನು ನೋಡಿದ. ಮನೆಗೆ ಬಂದ ಮೂರು ತಿಂಗಳಲ್ಲಿ ಅವನು ನೋಡಿದ್ದು ಒಂದು ಗೋಡೆ, ಒಂದು ಕಿಟಕಿ, ಒಂದು ಬಾಗಿಲಿನಷ್ಟು ಉಸುಕು. ಗುಡ್ಡಗಳ ಹಿಂದೆ ಬೆಳಕು ಬಲಿಯುತ್ತಿತ್ತು. ಎಷ್ಟೋ ಹೊತ್ತು ನೋಡಿದ.

“ಈ ಕಲ್ಲು ತಗ್ಗಾತು,” ಎಂದ, ಯಾರ ಮುಖವನ್ನೂ ನೋಡದೆ. “ಹೊಳಿ ಹತ್ರ ಇನ್ನೊಂದು ಗೇಣು ಎತ್ತರ ಇರಲಿ.”

ನಾನು ಬೈಕಿಗೆ ಕಿಕ್ ಹೊಡೆದೆ. ಅವರು ಹೊಳೆ ಮುಟ್ಟುವ ಮೊದಲು ನನಗೆ ಅರ್ಧ ತಾಸು ಇತ್ತು, ಅಲ್ಲಿಯ ಪಾವಟಿಗೆಗಳ ಎತ್ತರ ನಾನು ಸರಿಯಾಗಿ ನೋಡಿರಲಿಲ್ಲ.